ಲಿವರ್‌ಗೆ ಔಷಧಿ ತಗೊಂಡೆ, ಶುಗರ್ ಬಂತು

ನನಗೆ ಹೆಪಟೈಟಿಸ್ ಸಿ, ಅಂದರೆ ವೈರಸ್‌ನಿಂದ ಬರುವ ಲಿವರ್ ಕಾಯಿಲೆ, ಇದೆ ಅಂತ ಗೊತ್ತಾಗಿದ್ದು 2012ರಲ್ಲಿ. ಚಿಕ್ಕವನಿದ್ದಾಗ ಆಪರೇಷನ್ ಹೊತ್ತಿನಲ್ಲಿ ಏರಿಸಿದ ರಕ್ತದಿಂದ ಬಂದಿರಬೇಕು ಅಂದರು ಡಾಕ್ಟರು. ಆ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ಅದಕ್ಕೂ ಮುಂಚೆ ರಕ್ತ ಕೊಡುವವರನ್ನು ಯಾರು ಪರೀಕ್ಷೆ ಮಾಡ್ತಾರೆ?

ನನ್ನದು ಜೀನೋಟೈಪ್ 3, ನಮ್ಮ ದೇಶದಲ್ಲಿ ಜಾಸ್ತಿ ಕಾಣುವ ಬಗೆ. ಆಗಿನ ಚಿಕಿತ್ಸೆ ಅಂದರೆ ವಾರಕ್ಕೊಂದು ಪೆಗಿಲೇಟೆಡ್ ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ದಿನಾ ರಿಬಾವಿರಿನ್ ಅನ್ನೋ ಇನ್ನೊಂದು ವೈರಸ್ ಔಷಧಿ. ಒಟ್ಟು 24 ವಾರ. ಇಂಜೆಕ್ಷನ್ ಹಾಕಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು. ಸುಸ್ತಾಗುತ್ತೆ, ತೂಕ ಇಳಿಯುತ್ತೆ ಅಂತ ಮೊದಲೇ ಹೇಳಿದ್ದರು. ಹಾಗಾಗಿ ಇವೆರಡೂ ಶುಗರ್‌ನಿಂದ ಆಗ್ತಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ಸುಳಿವು ಕೊಟ್ಟಿದ್ದು ಬಾಯಾರಿಕೆ. ಮಲಗುವಾಗ ಪಕ್ಕದಲ್ಲಿಟ್ಟ ಚೊಂಬು ನಡುರಾತ್ರಿಗೇ ಖಾಲಿ. ಮತ್ತೆ ಮತ್ತೆ ಬಚ್ಚಲಿಗೆ ಓಡಾಟ. “ಅಪ್ಪಂಗೂ ಹೀಗೇ ಆಗ್ತಿತ್ತು ಕಣೋ, ಶುಗರ್ ನೋಡಿಸು” ಅಂದಳು ನಮ್ಮಕ್ಕ. ಖಾಲಿ ಹೊಟ್ಟೆಯಲ್ಲೇ 380 ಬಂತು.

ಮೊದಲು ಮಾತ್ರೆ ಕೊಟ್ಟರು. ಜಗ್ಗಲಿಲ್ಲ. ಆಮೇಲೆ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರು ಎರಡು ರಕ್ತಪರೀಕ್ಷೆ ಮಾಡಿಸಿದರು: ದೇಹ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಅಂತ ತೋರಿಸುವ ಸಿ-ಪೆಪ್ಟೈಡ್, ಮತ್ತು ದೇಹ ತನ್ನದೇ ಇನ್ಸುಲಿನ್ ಜೀವಕೋಶಗಳ ಮೇಲೆ ಬಿದ್ದಿದೆಯಾ ಅಂತ ತೋರಿಸುವ ಜಿಎಡಿ ಆ್ಯಂಟಿಬಾಡಿ. ಮೊದಲನೆಯದು ತೀರಾ ಕಡಿಮೆ, ಎರಡನೆಯದು ಪಾಸಿಟಿವ್. ಅಂದರೆ ಅಪ್ಪನಿಗಿದ್ದ ಶುಗರ್ ಬೇರೆ, ನನ್ನದು ಬೇರೆ. ವೈರಸ್ ಮೇಲೆ ಬೀಳಲಿ ಅಂತ ಇಂಟರ್‌ಫೆರಾನ್ ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಅದು ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೂ ತಿರುಗಿ ಬೀಳುತ್ತದೆ. ಇದು ಟೈಪ್ 1 ಶುಗರ್. ಥೈರಾಯ್ಡ್‌ಗೂ ಇದೇ ಗತಿ ಆಗಬಹುದು ಅಂತ ಟಿಎಸ್ಎಚ್ ಕೂಡ ನೋಡಿದರು.

ವೈರಸ್ ಅಷ್ಟರಲ್ಲಿ ಪರೀಕ್ಷೆಗೆ ಸಿಗದಷ್ಟು ಇಳಿದಿತ್ತು. ಇಬ್ಬರೂ ಡಾಕ್ಟರು ಮಾತಾಡಿಕೊಂಡು, ಇನ್ಸುಲಿನ್ ಜೊತೆಗೇ ಕೋರ್ಸ್ ಮುಗಿಸೋಣ ಅಂದರು. ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆ ಇಡೋ ಜಾಗಕ್ಕೆ ಎರಡು ಥರದ ಇಂಜೆಕ್ಷನ್ ಬಂದು ಕೂತವು. ಅದಲುಬದಲಾಗದಿರಲಿ ಅಂತ ಇಂಟರ್‌ಫೆರಾನ್ ಡಬ್ಬಿಗೆ ಕೆಂಪು ಟೇಪು ಸುತ್ತಿದೆ.

ಕಷ್ಟ ಇದ್ದದ್ದು ಜ್ವರದ ರಾತ್ರಿಗಳಲ್ಲಿ. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯದು. ಊಟಕ್ಕೆ ಮುಂಚೆ ಹಾಕುವ ಇನ್ಸುಲಿನ್ ಹಾಕಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಹಾಗಂತ ಎಲ್ಲಾ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಅಪಾಯಕ್ಕೆ ಏರುತ್ತದೆ. ಡಾಕ್ಟರು ಹೇಳಿಕೊಟ್ಟ ದಾರಿ ಇದು: ರಾತ್ರಿಯ ಗ್ಲಾರ್ಜಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್) ಯಾವ ಕಾರಣಕ್ಕೂ ತಪ್ಪಿಸಬಾರದು. ಊಟದ್ದನ್ನು ಮಾತ್ರ, ಉಂಡಾದ ಮೇಲೆ, ಎಷ್ಟು ಹೊಟ್ಟೆಗೆ ಹೋಯಿತೋ ಅಷ್ಟಕ್ಕೆ ತಕ್ಕ ಹಾಗೆ ಹಾಕಿಕೊಳ್ಳಬೇಕು. ಮುದ್ದೆ ಅರ್ಧ ಹೋದರೆ ಅರ್ಧದ ಲೆಕ್ಕ, ಬರೀ ಗಂಜಿ ಕುಡಿದರೆ ಗಂಜಿಯ ಲೆಕ್ಕ.

ಇನ್ನೊಂದು ವಿಷಯ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಗ್ಲೂಕೋಮೀಟರ್‌ನಲ್ಲಿ ದಿನಾ 200ರ ಮೇಲೆ ಬರ್ತಿದ್ದಾಗ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ನನ್ನ ಎಚ್‌ಬಿಎ1ಸಿ ಮಾತ್ರ ನಾರ್ಮಲ್ ಹತ್ತಿರ ಬಂತು! ಕಾರಣ ರಿಬಾವಿರಿನ್. ಅದು ಕೆಂಪು ರಕ್ತಕಣಗಳನ್ನು ಬೇಗ ಒಡೆಯುತ್ತದೆ. ಕಣಗಳಿಗೆ ಸಕ್ಕರೆ ಹತ್ತಲು ಸಮಯವೇ ಸಿಗುವುದಿಲ್ಲ, ರಿಪೋರ್ಟು ಸುಮ್ನೆ ಚೆನ್ನಾಗಿ ಕಾಣುತ್ತದೆ. ಕೋರ್ಸ್ ಮುಗಿದು ಹಿಮೋಗ್ಲೋಬಿನ್ ಸರಿಯಾಗುವವರೆಗೂ ಗ್ಲೂಕೋಮೀಟರನ್ನೇ ನಂಬಿದೆ.

ವೈರಸ್ ಹೋಯಿತು, ಮತ್ತೆ ಬರಲಿಲ್ಲ. ಇನ್ಸುಲಿನ್ ಇವತ್ತಿಗೂ ಇದೆ.

ಹೆಪಟೈಟಿಸ್ ಸಿಗೆ ಈಗ ಇಂಟರ್‌ಫೆರಾನ್ ಕೊಡುವವರೇ ಇಲ್ಲ ಅನ್ನಬಹುದು. ಸೋಫೋಸ್ಬುವಿರ್‌ನಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ 12 ವಾರಕ್ಕೆ ಮುಗಿಯುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅವು ಉಚಿತವಾಗಿಯೂ ಸಿಗುತ್ತವೆ. ಆದರೆ ಮೊದಲೇ ಶುಗರ್ ಇದ್ದವರು ಇಲ್ಲಿ ಉಲ್ಟಾ ಹುಷಾರಾಗಿರಬೇಕು. ಈ ವೈರಸ್ ಇದ್ದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವೈರಸ್ ಕಡಿಮೆಯಾದಂತೆ ಶುಗರ್ ತಾನೇ ಇಳಿಯಬಹುದು, ಹಳೆಯ ಡೋಸು ಜಾಸ್ತಿಯಾಗಿಬಿಡಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರು ಹೆಪಟೈಟಿಸ್ ಮಾತ್ರೆ ಶುರುವಾದ ದಿನದಿಂದಲೇ ಶುಗರ್ ನೋಡ್ತಾ ಇರಿ. ಬೆವರು, ನಡುಕ ಕಂಡರೆ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಡೋಸಿನ ಬಗ್ಗೆ ಡಾಕ್ಟರಿಗೆ ಫೋನ್ ಮಾಡಿ.