ಎರಡು ಇಂಚು ಎತ್ತರಿಸಿದ ಮೇಲೂ ತಳ ಬಡಿಯಿತು

ಶಿರಸಿಯಿಂದ ಕುಮಟಾ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮ ತೋಟದ ದಾರಿ. ದಾರಿ ಅಂದರೆ ಸೊಪ್ಪಿನ ಬೆಟ್ಟದ ನಡುವೆ ಗಾಡಿ ಓಡಿ ಓಡಿ ಆದ ಎರಡು ಜಾಡು, ಅಷ್ಟೇ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಮಳೆ ಶುರುವಾದರೆ ಚಕ್ರ ಹೋಗುವ ಜಾಡು ಕೆಳಗೆ ಕೊರೆದು ಹೋಗುತ್ತದೆ, ನಡುವಿನ ದಿಬ್ಬ ಹಾಗೇ ನಿಲ್ಲುತ್ತದೆ.

ನನ್ನದು ಇಸುಜು ವಿ-ಕ್ರಾಸ್ ಪಿಕಪ್, ಹಳೆಯ 2.5 ಲೀಟರ್ ಎಂಜಿನ್ನಿನದು. ಈ ದಾರಿಗಾಗಿಯೇ ಅದನ್ನು ಎರಡು ಇಂಚು ಲಿಫ್ಟ್ ಮಾಡಿಸಿದ್ದೆ, ಅಂದರೆ ಎತ್ತರಿಸಿದ್ದೆ. ಮುಂದೆ ಶಾಕ್ ಮೇಲ್ಗಡೆ ಸ್ಪೇಸರ್, ಹಿಂದೆ ಪಾಟಾ ಕಟ್ಟಿಗೆ (ಪಟ್ಟಿ ಸ್ಪ್ರಿಂಗಿಗೆ) ಒಂದು ಎಲೆ ಜಾಸ್ತಿ. ಇನ್ನು ಎಲ್ಲಿ ಬೇಕಾದರೂ ಹೋಗಬಹುದು ಅಂದುಕೊಂಡಿದ್ದೆ. ಆ ವರ್ಷ ಅಡಿಕೆಗೆ ಮೊದಲ ಮದ್ದು ಹೊಡೆಯುವ ಹೊತ್ತಿಗೆ 200 ಲೀಟರ್ ಡ್ರಮ್ಮು, ಮೈಲುತುತ್ತು, ಸುಣ್ಣ ಎಲ್ಲ ಹೇರಿಕೊಂಡು ಇಳಿಯುತ್ತಿದ್ದೆ. ನಡು ದಿಬ್ಬದಲ್ಲಿ ಹೂತಿದ್ದ ಕಲ್ಲಿಗೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲ್‌ನಲ್ಲಿರುವ ಗೇರಿನ ಉಂಡೆ, ಬಡಿಯಿತು. ಆ ಶಬ್ದ ಕೇಳಿ ಹೊಟ್ಟೆ ತಣ್ಣಗಾಯಿತು. ಆಯಿಲ್ ಸೋರಲಿಲ್ಲ, ಪುಣ್ಯ.

ಲಿಫ್ಟ್ ಮಾಡಿಸಿದ ಮೇಲೂ ಯಾಕೆ ಬಡಿಯಿತು? ಸಂಜೆ ಚಾಪೆ ಹಾಸಿಕೊಂಡು ಅಡಿಯಲ್ಲಿ ಮಲಗಿ ನೋಡಿದಾಗ ಉತ್ತರ ಕಣ್ಣೆದುರೇ ಇತ್ತು. ಪಾಟಾ ಇರುವುದು ಆಕ್ಸಲ್‌ಗೂ ಚಾಸಿಗೂ (ಗಾಡಿಯ ಅಡಿಯ ಚೌಕಟ್ಟಿಗೂ) ನಡುವೆ. ಅಲ್ಲಿ ಏನು ಸೇರಿಸಿದರೂ ಅದರ ಮೇಲಿರುವ ಚಾಸಿ, ಬಾಡಿ ಮೇಲೇರುತ್ತವೆ. ಆಕ್ಸಲ್ ಮಾತ್ರ ಎಲ್ಲಿತ್ತೋ ಅಲ್ಲೇ, ಚಕ್ರದ ನಟ್ಟನಡುವೆ. ಡಿಫರೆನ್ಷಿಯಲ್ ನೆಲದಿಂದ ಮೇಲೆ ಬರಬೇಕಾದರೆ ಟೈರೇ ದೊಡ್ಡದಾಗಬೇಕು. ಬೇರೆ ದಾರಿ ಇಲ್ಲ.

ಹಾಗಾದರೆ ಎಷ್ಟು ದೊಡ್ಡದು? ಕಂಪನಿ ಟೈರ್ 245/70 ಆರ್16. ಅಂದರೆ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70, ರಿಮ್ 16 ಇಂಚು. ಲೆಕ್ಕ ಹಾಕಿದರೆ ಟೈರಿನ ಪೂರ್ತಿ ಎತ್ತರ ಸುಮಾರು 749 ಮಿ.ಮೀ. ಬರುತ್ತದೆ. 265/70 ಹಾಕಿದರೆ 777, 265/75 ಹಾಕಿದರೆ 804. ಇಲ್ಲೊಂದು ವಿಷಯ ನೆನಪಿಡಬೇಕು. ಟೈರ್ ಎಷ್ಟು ಎತ್ತರವಾಯಿತೋ ಅದರ ಅರ್ಧ ಮಾತ್ರ ಡಿಫರೆನ್ಷಿಯಲ್‌ಗೆ ಸಿಗುತ್ತದೆ. 265/70ಯಲ್ಲಿ 14 ಮಿ.ಮೀ., 265/75ರಲ್ಲಿ 27 ಮಿ.ಮೀ. ಒಂದು ಇಂಚು ಏನು ಮಹಾ ಅನಿಸಬಹುದು. ಆದರೆ ನನ್ನ ಕಲ್ಲು ಉಜ್ಜಿದ ಗುರುತು ನೋಡಿದರೆ ನನಗೆ ಬೇಕಾಗಿದ್ದೇ ಆ ಒಂದು ಇಂಚು. 265/75 ಎಂದು ನಿರ್ಧಾರ ಮಾಡಿದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಟೈರ್ ಅಂಗಡಿಯಲ್ಲಿ ಚಂದದ ಕಪ್ಪು ಅಲಾಯ್ ಇತ್ತು. 8 ಇಂಚು ಅಗಲ, ಆಫ್‌ಸೆಟ್ ಸೊನ್ನೆ. ‘ಲಿಫ್ಟ್ ಆಗಿದೆಯಲ್ಲ ಅಣ್ಣಾ, ಆರಾಮಾಗಿ ಕೂರುತ್ತೆ’ ಅಂದರು. ಬೋಲ್ಟ್ ತೂತಿನ ಲೆಕ್ಕ ಸರಿ ಇತ್ತು, ಆರು ಬೋಲ್ಟು, ತೂತುಗಳ ಸುತ್ತಿನ ವ್ಯಾಸ 139.7 ಮಿ.ಮೀ. ಅಷ್ಟು ನೋಡಿ ಒಪ್ಪಿಕೊಂಡೆ. ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ದೂರ. ಆ ಸಂಖ್ಯೆ ಕಡಿಮೆ ಆದಷ್ಟೂ ಚಕ್ರ ಹೊರಗೆ ಬರುತ್ತದೆ. ನನ್ನ ಚಕ್ರ ಸುಮಾರು ಎರಡು ಇಂಚು ಹೊರಗೆ ಬಂತು.

ನಿಂತಾಗ ನೋಡಲು ಬಹಳ ಚೆನ್ನಾಗಿತ್ತು. ಆದರೆ ಸ್ಟೇರಿಂಗ್ ತಿರುಗಿಸಿದಾಗ ಹೊರಗಿರುವ ಚಕ್ರ ದೊಡ್ಡ ಸುತ್ತು ಹಾಕುತ್ತದೆ. ಬಾಗಿಲಿನಲ್ಲಿ ಅಗುಳಿ ಕಡೆಯ ಅಂಚು ಜಾಸ್ತಿ ದೂರ ಸುತ್ತುವುದಿಲ್ಲವೇ, ಹಾಗೆ. ಅಂಗಡಿ ಎದುರು ಗಾಡಿ ತಿರುಗಿಸುವಾಗಲೇ ಮುಂದೆ ಬಂಪರ್ ಮೂಲೆ ಉಜ್ಜಿತು, ಹಿಂದೆ ಒಳ ಅಂಚು ಉಜ್ಜಿತು. ಮಳೆಯಲ್ಲಿ ಮನೆಗೆ ಬರುವಷ್ಟರಲ್ಲಿ ಬಾಗಿಲು, ಕಿಟಕಿ ಎಲ್ಲ ರಾಡಿ. ವೀಲ್ ಬೇರಿಂಗ್ ಮೇಲೆ ಭಾರ ಹೊರಮಗ್ಗುಲಿಗೆ ಬಿದ್ದು ಸವೆತ ಜಾಸ್ತಿ ಆಗುವುದು ಬೇರೆ. ಹತ್ತು ದಿನಕ್ಕೆ ಆ ರಿಮ್ಮುಗಳನ್ನು ಬಿಚ್ಚಿಸಿ ನಷ್ಟಕ್ಕೆ ಮಾರಿದೆ. ಟೈರುಗಳನ್ನು ಕಂಪನಿಯ 7 ಇಂಚಿನ ರಿಮ್ಮಿಗೇ ಕೂರಿಸಿದೆ. 265/75ಕ್ಕೆ 7ರಿಂದ 8 ಇಂಚಿನ ರಿಮ್ ನಡೆಯುತ್ತದೆ. ಹೊಸ ಟೈರ್ ಹಾಕಲು ಹೊಸ ರಿಮ್ ಬೇಕೇ ಬೇಕು ಅಂತ ಏನೂ ಇಲ್ಲ.

ಈಗ ನಿಜವಾದ ಕೆಲಸ. ದೊಡ್ಡ ಟೈರ್ ತಗಲುತ್ತದೋ ಇಲ್ಲವೋ ಎಂದು ಸಮ ನೆಲದ ಮೇಲೆ ನಿಲ್ಲಿಸಿ ನೋಡಿದರೆ ಗೊತ್ತಾಗುವುದಿಲ್ಲ. ಟೈರ್ ಉಜ್ಜುವುದು ಸ್ಪ್ರಿಂಗ್ ಪೂರ್ತಿ ಅದುಮಿಕೊಂಡಾಗ, ಅದರ ಜೊತೆ ಸ್ಟೇರಿಂಗ್ ಪೂರ್ತಿ ತಿರುಗಿದಾಗ. ಸ್ಪೇಸರ್ ಹಾಕಿದರೆ ಗಾಡಿ ನಿಂತ ಎತ್ತರ ಬದಲಾಗುತ್ತದೆ ನಿಜ. ಆದರೆ ಚಕ್ರ ಮೇಲಕ್ಕೆ ಹೋಗಿ ನಿಲ್ಲುವ ಕೊನೆಯ ಜಾಗವನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ ರಬ್ಬರು. ಅದು ಎಲ್ಲಿತ್ತೋ ಅಲ್ಲೇ ಇದೆ. ಹಾಗಾಗಿ ದೊಡ್ಡ ಹೊಂಡಕ್ಕೆ ಬಿದ್ದಾಗ ಲಿಫ್ಟ್ ಆದ ಗಾಡಿಯ ಚಕ್ರವೂ ಮೊದಲಿನಷ್ಟೇ ಮೇಲೆ ಹೋಗುತ್ತದೆ. ಲಿಫ್ಟ್ ಮಾಡಿದರೆ ಸಾಕು, ಯಾವ ಟೈರ್ ಬೇಕಾದರೂ ಕೂರುತ್ತದೆ ಅನ್ನುವವರು ಇದನ್ನು ಗಮನಿಸಿರುವುದಿಲ್ಲ.

ನಾನು ಅಂಗಳದಲ್ಲಿ ಚಿರೇಕಲ್ಲು ಜೋಡಿಸಿ, ಮೇಲೆ ದಪ್ಪ ಹಲಗೆ ಹಾಸಿ ಎರಡು ಏರು ಮಾಡಿದೆ. ಎಡ ಮುಂದಿನ ಚಕ್ರ ಒಂದರ ಮೇಲೆ, ಬಲ ಹಿಂದಿನ ಚಕ್ರ ಇನ್ನೊಂದರ ಮೇಲೆ. ಹೀಗೆ ಅಡ್ಡಡ್ಡ ಹತ್ತಿಸಿದರೆ ಆ ಎರಡು ಚಕ್ರ ಚೆನ್ನಾಗಿ ಅದುಮಿಕೊಳ್ಳುತ್ತವೆ. ಉಳಿದ ಚಕ್ರಗಳಿಗೆ ಉರುಳದ ಹಾಗೆ ಗಟ್ಟಿಯಾಗಿ ಅಡ್ಡಗಲ್ಲು ಕೊಡಬೇಕು, ಗಾಡಿ ಕೆಳಗೆ ಯಾರೂ ಹೋಗಬಾರದು. ಮದ್ದಿಗೆ ತಂದ ಸುಣ್ಣ ಹೇಗೂ ಇತ್ತು. ಅದನ್ನು ಕಲಸಿ ಟೈರಿನ ಭುಜದ ಸುತ್ತ ಬಳಿದೆ. ಮಗ ಸ್ಟೇರಿಂಗ್ ಹಿಡಿದ. ‘ಅಪ್ಪ, ಪೂರ್ತಿ ತಿರುಗಿಸ್ಲಾ?’ ‘ಪೂರ್ತಿ ತಿರುಗಿಸು, ನಿಧಾನ.’ ಎಡಕ್ಕೆ ಕೊನೆತನಕ, ಬಲಕ್ಕೆ ಕೊನೆತನಕ. ಆಮೇಲೆ ಗಾಡಿ ಇಳಿಸಿ ಬ್ಯಾಟರಿ ಹಿಡಿದು ನೋಡಿದರೆ ಎಲ್ಲೆಲ್ಲಿ ತಗಲಿದೆಯೋ ಅಲ್ಲಲ್ಲಿ ಬಿಳಿ ಗುರುತು. ಊಹೆ ಮಾಡುವ ಕೆಲಸವೇ ಇಲ್ಲ.

ಬಿಳಿ ಬಿದ್ದಿದ್ದು ಮೂರು ಕಡೆ. ಮಡ್ ಫ್ಲ್ಯಾಪ್, ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ನ ಹಿಂಭಾಗ, ಮತ್ತೆ ಅದರ ಹಿಂದೆ ಬಾಡಿಯ ತಗಡು ಕೂಡಿಸಿ ವೆಲ್ಡ್ ಮಾಡಿದ ಅಂಚು. ಫ್ಲ್ಯಾಪ್ ಸ್ವಲ್ಪ ಕತ್ತರಿಸಿದೆ. ಲೈನರನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ, ಮೆತ್ತಗಾದಾಗ ಹಿಂದಕ್ಕೆ ಒತ್ತಿ ಹಿಡಿದರೆ ಹಾಗೇ ಕೂರುತ್ತದೆ. ವೆಲ್ಡ್ ಅಂಚನ್ನು ಮಾತ್ರ ಸುತ್ತಿಗೆಯಿಂದ ಬಡಿದು ಮಡಚಬೇಕಾಯಿತು. ಇದನ್ನು ಗ್ಯಾರೇಜಿನಲ್ಲಿ ಮಾಡಿಸಿದೆ. ಮಡಚಿದ ಜಾಗದಲ್ಲಿ ಪೇಂಟ್ ಬಿರಿಯುತ್ತದೆ. ನಮ್ಮ ಮಳೆಗೆ, ಅದರ ಮೇಲೆ ಕುಮಟಾ, ಕಾರವಾರದ ಕಡೆಯ ಉಪ್ಪು ಗಾಳಿಗೆ ಅಲ್ಲಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಅಂಚು ತಿಕ್ಕಿ, ಜಿಂಕ್ ಪ್ರೈಮರ್ ಹೊಡೆದು, ಸೀಲರ್ ಹಚ್ಚಿ, ಪೇಂಟ್ ಮಾಡಿಸುವ ತನಕ ನಾನು ಅಲ್ಲಿಂದ ಏಳಲಿಲ್ಲ. ಕರಾವಳಿಯವರು ಈ ಒಂದು ಕೆಲಸವನ್ನು ದಯವಿಟ್ಟು ಬಿಡಬೇಡಿ.

ಅಲೈನ್‌ಮೆಂಟ್ ವಿಷಯದಲ್ಲೂ ಒಮ್ಮೆ ಎಡವಿದೆ. ಲಿಫ್ಟ್ ಮಾಡಿದಾಗ ಒಂದು ಕಡೆ ಬರೀ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಓರೆ) ನೋಡಿ ಕಳಿಸಿದ್ದರು. ಗಾಡಿ ನೇರ ಹೋಗುತ್ತಿತ್ತು, ಆದರೆ ಸ್ಟೇರಿಂಗ್ ಬಿಟ್ಟರೆ ತಾನಾಗಿ ನಡುವಿಗೆ ಬರುತ್ತಿರಲಿಲ್ಲ. ಲಿಫ್ಟ್ ಆದಾಗ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಎರಡೂ ಬದಲಾಗುತ್ತವೆ. ಸ್ಟೇರಿಂಗ್ ನಡುವಿಗೆ ಮರಳುವುದು ಕ್ಯಾಸ್ಟರ್‌ನಿಂದ. ಟೈರ್ ಕೂರಿಸಿದ ಮೇಲೆ ಹುಬ್ಬಳ್ಳಿಗೆ ಹೋಗಿ ಮೂರನ್ನೂ ಮಾಡಿಸಿದೆ, ಮೊದಲಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ ಪಡೆದೆ. ಕ್ಯಾಸ್ಟರ್ ಸ್ವಲ್ಪ ಹೆಚ್ಚಿಸುವಾಗ ಚಕ್ರ ಕೂದಲೆಳೆಯಷ್ಟು ಮುಂದೆ ಬರುವ ಹಾಗೆ ಹೊಂದಿಸಿಕೊಟ್ಟರು. ವೆಲ್ಡ್ ಅಂಚಿನಿಂದ ಅಷ್ಟು ದೂರ ಸಿಕ್ಕಿತು. ಹಾಗೇ ಮುಂದಿನ ಆಕ್ಸಲ್ ಶಾಫ್ಟಿನ ರಬ್ಬರ್ ಬೂಟ್ (ಜಾಯಿಂಟಿನ ಹೊದಿಕೆ) ಆಗಾಗ ನೋಡುತ್ತಿರಬೇಕು. ಲಿಫ್ಟ್‌ನಿಂದ ಶಾಫ್ಟಿನ ಓರೆ ಜಾಸ್ತಿ ಆಗಿರುತ್ತದೆ, ಬೂಟ್ ಹರಿದರೆ ಒಳಗೆ ರಾಡಿ ಹೋಗಿ ಜಾಯಿಂಟೇ ಹಾಳು.

ಟೈರ್ ಐದು ತೆಗೆದುಕೊಳ್ಳಿ, ನಾಲ್ಕಲ್ಲ. ಸ್ಟೆಪ್ನಿ ಹಳೆಯ ಅಳತೆಯದ್ದು ಇಟ್ಟುಕೊಂಡರೆ, ಪಂಕ್ಚರ್ ಆದ ದಿನ ಒಂದೇ ಆಕ್ಸಲ್‌ನಲ್ಲಿ ಒಂದು ದೊಡ್ಡ ಚಕ್ರ, ಒಂದು ಸಣ್ಣ ಚಕ್ರ. ಡಿಫರೆನ್ಷಿಯಲ್ ಒಳಗಿನ ಹಲ್ಲುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಸುತ್ತುತ್ತವೆ, ಫೋರ್ ವೀಲ್ ಹಾಕುವ ಹಾಗೇ ಇಲ್ಲ. ನನ್ನ ಗಾಡಿಯಲ್ಲಿ ದೊಡ್ಡ ಸ್ಟೆಪ್ನಿ ಕೆಳಗೆ ಬಿಗಿಯಾಯಿತು, ಹಿಂದಿನ ತೊಟ್ಟಿಯೊಳಗೆ ಪಟ್ಟಿ ಹಾಕಿ ಕಟ್ಟಿಕೊಂಡಿದ್ದೇನೆ. ರಿಮ್ ನಟ್ಟುಗಳನ್ನು ಎದುರುಬದುರು ಬಿಗಿ ಮಾಡಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡುವುದನ್ನೂ ಮರೆಯಬಾರದು.

ಓಡಿಸುವಾಗ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ. ಟೈರ್ ನೂರಕ್ಕೆ ಏಳರಷ್ಟು ದೊಡ್ಡದು, ಎಂಜಿನ್‌ಗೆ ಗೇರ್ ಅಷ್ಟೇ ಎತ್ತರವಾದ ಹಾಗೆ. ದೇವಿಮನೆ ಘಾಟಿ ಹತ್ತುವಾಗ ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಈಗ ಎರಡನೇ ಗೇರು ಬೇಕು. ಇಳಿಯುವಾಗ ಬ್ರೇಕ್ ಸ್ವಲ್ಪ ಮೊದಲೇ ಒತ್ತಬೇಕು, ಭಾರದ ಚಕ್ರ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ. ಮೀಟರಿನ ಲೆಕ್ಕವೂ ಬದಲಾಗುತ್ತದೆ. ನನ್ನ ಮೀಟರ್ ಮೊದಲು ನಿಜವಾದ ವೇಗಕ್ಕಿಂತ ತುಸು ಜಾಸ್ತಿ ತೋರಿಸುತ್ತಿತ್ತು. ಈಗ 60 ತೋರಿಸಿದಾಗ ಫೋನಿನ ಜಿಪಿಎಸ್‌ನಲ್ಲಿ 62. ಓಡಿದ ದೂರ ಮಾತ್ರ ಕಡಿಮೆ ದಾಖಲಾಗುತ್ತದೆ, ಹಾಗಾಗಿ ಮೈಲೇಜ್ ನೋಡುವವರು ಅದನ್ನು ಸರಿಪಡಿಸಿಕೊಂಡು ಲೆಕ್ಕ ಹಾಕಬೇಕು. ಇಲ್ಲವಾದರೆ ಸುಮ್ನೆ ಗಾಬರಿಯಾಗುತ್ತದೆ. ಸರಿಪಡಿಸಿದ ಮೇಲೂ ನನಗೆ ಲೀಟರಿಗೆ ಒಂದು ಕಿ.ಮೀ. ಕಡಿಮೆಯಾಗಿದೆ.

ರಾಡಿಗೆ ಮಡ್ ಟೈರೇ ಒಳ್ಳೆಯದು, ಹಲ್ಲಿನ ನಡುವಿನ ಮಣ್ಣನ್ನು ತಾನೇ ಎಸೆಯುತ್ತದೆ. ಆದರೂ ನಾನು ಆಲ್ ಟೆರೇನ್ ಹಾಕಿದೆ. ನನ್ನ ಓಡಾಟದಲ್ಲಿ ತೋಟದ ದಾರಿ ಒಂದೂವರೆ ಕಿ.ಮೀ., ಉಳಿದದ್ದೆಲ್ಲ ಒದ್ದೆ ಡಾಂಬರು. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯುವುದು ನನಗೆ ಹೆಚ್ಚು ಮುಖ್ಯ. ಗಾಳಿಗೆ ಒಂದು ಸುಲಭದ ಪರೀಕ್ಷೆ ಇದೆ. ಟೈರಿಗೆ ಅಡ್ಡ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದರೆ ಕಡಿಮೆ. ನನಗೆ ಖಾಲಿ ಗಾಡಿಗೆ 32 ಪಿಎಸ್‌ಐ, ಡ್ರಮ್ಮು ಹೇರಿದಾಗ ಹಿಂದೆ 38, ತೋಟದ ರಾಡಿಗೆ 22 ಸರಿ ಬಂದಿದೆ. ಇಳಿಸಿದ ಗಾಳಿ ಮತ್ತೆ ತುಂಬಲು ಸಣ್ಣ ಕಂಪ್ರೆಸರ್ ಸೀಟಿನ ಹಿಂದೆ ಇದೆ.

ಕಾನೂನಿನ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಲಿಫ್ಟ್, ದೊಡ್ಡ ಟೈರ್ ಎರಡರ ಬಗ್ಗೆಯೂ ಪ್ರಶ್ನೆ ಏಳಬಹುದು, ಅಪಘಾತವಾದರೆ ವಿಮೆಯವರು ತಕರಾರು ಎತ್ತಬಹುದು. ದುಡ್ಡು ಹಾಕುವ ಮೊದಲೇ ಆರ್‌ಟಿಒದಲ್ಲೂ ವಿಮೆಯವರಲ್ಲೂ ಕೇಳಿ. ನಾನು ಮೊದಲು ಟೈರ್ ತಂದು ಆಮೇಲೆ ಕೇಳಲು ಹೋದೆ, ಅದು ತಪ್ಪು.

ಕಳೆದ ಮಳೆಗಾಲ ಎರಡನೇ ಮದ್ದಿಗೆ ಅದೇ ಡ್ರಮ್ಮು, ಅದೇ ದಿಬ್ಬ. ಗಾಳಿ 22ಕ್ಕೆ ಇಳಿಸಿ, ಲೋ ಗೇರ್ ಹಾಕಿ, ಕಿಟಕಿ ತೆರೆದು ಕಿವಿ ಕೊಟ್ಟು ಇಳಿದೆ. ಏನೂ ಕೇಳಲಿಲ್ಲ. ತೋಟದ ಬುಡದಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ. ಡಿಫರೆನ್ಷಿಯಲ್ ತಳದಲ್ಲಿ ಹಳೆಯ ಗೀರಿನ ಮೇಲೆ ದಿಬ್ಬದ ಹಸಿ ಹುಲ್ಲು ಉಜ್ಜಿ ಹಸಿರು ಮೆತ್ತಿತ್ತು. ಹೊಸ ಗೀರು ಒಂದೂ ಇರಲಿಲ್ಲ.