ಅರಿವಿನ ವಿಜ್ಞಾನ: ಓದುವುದು ಹೇಗೆ, ಓದಿದ ಮೇಲೆ ದಾರಿ ಯಾವುದು?

ಮೂರನೇ ತರಗತಿಯ ಮಗು 'ಮರ', 'ಕಮಲ' ಎಂಬ ಪದಗಳನ್ನು ಸರಾಗವಾಗಿ ಓದಿ 'ರಾಷ್ಟ್ರ' ಎಂಬಲ್ಲಿ ತಡವರಿಸಿದರೆ ಅದಕ್ಕೆ ಕಾರಣವೇನು? ಒತ್ತಕ್ಷರದಲ್ಲಿ ವ್ಯಂಜನಗಳು ಹೇಗೆ ಕೂಡಿಕೊಂಡಿವೆ ಎಂಬುದನ್ನು ಭಾಷಾವಿಜ್ಞಾನಿ ವಿವರಿಸುತ್ತಾರೆ. ಮಗುವಿನ ಕಣ್ಣು ಆ ಅಕ್ಷರದ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದನ್ನು ಮನೋವಿಜ್ಞಾನಿ ಮಿಲಿಸೆಕೆಂಡ್‌ಗಳಲ್ಲಿ ಅಳೆಯುತ್ತಾರೆ; ಆ ಕ್ಷಣದಲ್ಲಿ ಮಿದುಳಿನಲ್ಲಿ ಉಂಟಾಗುವ ವಿದ್ಯುತ್ ಚಟುವಟಿಕೆಯನ್ನು ನರವಿಜ್ಞಾನಿ ದಾಖಲಿಸುತ್ತಾರೆ; ಅದೇ ಜಾಗದಲ್ಲಿ ಅದೇ ಬಗೆಯ ತಪ್ಪು ಮಾಡುವ ಗಣಕ ಮಾದರಿಯೊಂದನ್ನು ಕಂಪ್ಯೂಟರ್ ವಿಜ್ಞಾನಿ ಕಟ್ಟಿ ನೋಡುತ್ತಾರೆ. ಓದು ಎಂದರೆ ಧ್ವನಿಯನ್ನು ಉಚ್ಚರಿಸುವುದೋ ಅರ್ಥವನ್ನು ಗ್ರಹಿಸುವುದೋ ಎಂದು ತತ್ವಶಾಸ್ತ್ರಜ್ಞರು ಕೇಳುತ್ತಾರೆ. ಇವರೆಲ್ಲರೂ ಒಂದೇ ಪ್ರಶ್ನೆಯ ಸುತ್ತ ಕುಳಿತು ಮಾತನಾಡುವ ಅಧ್ಯಯನ ಕ್ಷೇತ್ರವೇ ಅರಿವಿನ ವಿಜ್ಞಾನ, ಅಂದರೆ ಕಾಗ್ನಿಟಿವ್ ಸೈನ್ಸ್.

ಈ ಉದಾಹರಣೆ ಕೇವಲ ಕಲ್ಪನೆಯದಲ್ಲ. ಕನ್ನಡದ ಮಕ್ಕಳ ಆರಂಭಿಕ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷಿನ 26 ಅಕ್ಷರಗಳ ಕಲಿಕೆಗಿಂತ ಕನ್ನಡದ ಅಕ್ಷರಗಳ ಕಲಿಕೆ ಹೆಚ್ಚು ವರ್ಷಗಳನ್ನು ಬೇಡುತ್ತದೆ ಎಂಬುದನ್ನು ತೋರಿಸಿತು. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದಲ್ಲಿದ್ದ ಪ್ರಕಾಶ್ ಪಡಕಣ್ಣಾಯ ಅವರೂ ಇದೇ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ. ಜಗತ್ತಿನ ಓದಿನ ಸಂಶೋಧನೆಯ ಬಹುಭಾಗ ಇಂಗ್ಲಿಷನ್ನೇ ಆಧರಿಸಿ ನಡೆದಿರುವುದರಿಂದ, ಕನ್ನಡ ಬಲ್ಲ ವಿದ್ಯಾರ್ಥಿಗೆ ಇಲ್ಲಿ ಮಾಡಲು ನಿಜವಾದ ಕೆಲಸ ಉಳಿದಿದೆ.

ಮೊದಲ ಹೆಜ್ಜೆ: ಪದವಿಯ ಹೆಸರಿಗಿಂತ ಬೇರು ಮುಖ್ಯ

ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಪೋಷಕರು ಸಾಮಾನ್ಯವಾಗಿ ಮೊದಲು ಹುಡುಕುವುದು ಇದೇ ಹೆಸರಿನ ಪದವಿಯನ್ನು. ನಮ್ಮ ದೇಶದಲ್ಲಿ ಈ ಹೆಸರಿನ ಶಿಕ್ಷಣ ಮುಖ್ಯವಾಗಿ ಸ್ನಾತಕೋತ್ತರ ಹಂತದಲ್ಲಿ ಆರಂಭವಾಗುತ್ತದೆ. ಆದ್ದರಿಂದ ಪದವಿ ಹಂತದಲ್ಲಿ ಯಾವುದಾದರೂ ಒಂದು ಮೂಲ ವಿಷಯವನ್ನು ಆಳವಾಗಿ ಕಲಿಯುವುದೇ ಸರಿಯಾದ ಯೋಜನೆ ಎಂದು ನಾನು ನಂಬಿದ್ದೇನೆ. ಮನೋವಿಜ್ಞಾನ, ಜೀವವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ, ಭಾಷಾವಿಜ್ಞಾನ, ತತ್ವಶಾಸ್ತ್ರ, ಎಂಜಿನಿಯರಿಂಗ್ ಇವುಗಳಲ್ಲಿ ಯಾವುದರಿಂದ ಬಂದವರಿಗೂ ಇಲ್ಲಿ ಜಾಗವಿದೆ. ಎಲ್ಲದರ ಪರಿಚಯವಿದ್ದು ಯಾವುದರಲ್ಲೂ ಹಿಡಿತವಿಲ್ಲದವರಿಗೆ ಮಾತ್ರ ಮುಂದೆ ಕಷ್ಟವಾಗುತ್ತದೆ.

ಒಂದು ಮೂಲ ವಿಷಯದ ಬೇರಿನಿಂದ ಬಂದವರಿಗೆ ಒಳ್ಳೆಯ ನಿದರ್ಶನ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಅವರ ಮೊದಲ ಪದವಿ ಕೇಂಬ್ರಿಜ್‌ನಲ್ಲಿ ಪಡೆದ ಪ್ರಾಯೋಗಿಕ ಮನೋವಿಜ್ಞಾನದ್ದು. ಮಿದುಳಿನ ನರಕೋಶಗಳ ಜಾಲವನ್ನು ಅನುಕರಿಸುವ ನರಜಾಲ ಮಾದರಿಗಳಿಗೆ ಕಲಿಸುವ ವಿಧಾನದ ಬಗ್ಗೆ 1986ರಲ್ಲಿ ಬಂದ ಅವರ ಪ್ರಸಿದ್ಧ ಪ್ರಬಂಧದ ಮೊದಲ ಲೇಖಕರಾದ ಡೇವಿಡ್ ರೂಮೆಲ್‌ಹಾರ್ಟ್ ಕೂಡ ಮನೋವಿಜ್ಞಾನಿಯೇ. ಇಂದು ಕೃತಕ ಬುದ್ಧಿಮತ್ತೆ ಎಂದು ಎಲ್ಲರ ಬಾಯಲ್ಲಿರುವುದರ ಒಂದು ಮುಖ್ಯ ಎಳೆ, ಮನುಷ್ಯನ ಮನಸ್ಸು ಹೇಗೆ ಕಲಿಯುತ್ತದೆ ಎಂಬ ಕುತೂಹಲದಿಂದ ಹೊರಟಿದ್ದು.

ಎರಡನೇ ಹೆಜ್ಜೆ: ಸಂಖ್ಯೆ ಮತ್ತು ಪ್ರೋಗ್ರಾಮಿಂಗ್

ಕಲಾ ವಿಭಾಗದಿಂದ ಬರುವ ಬಹಳಷ್ಟು ಜಾಣ ವಿದ್ಯಾರ್ಥಿಗಳು ಹಿಂಜರಿಯುವ ಜಾಗ ಇದು. ಹೀಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಕ್ಷೇತ್ರದ ಪ್ರತಿಯೊಂದು ವಾದವೂ ಕೊನೆಗೆ ದತ್ತಾಂಶದ ಮುಂದೆ ನಿಲ್ಲಬೇಕಾಗುತ್ತದೆ. ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸ ನಿಜವಾದದ್ದೋ ಆಕಸ್ಮಿಕವೋ, ಎಷ್ಟು ಜನರನ್ನು ಪರೀಕ್ಷಿಸಿದರೆ ಸಾಕು, ಒಂದು ಅಳತೆ ಮತ್ತೊಂದಕ್ಕೆ ಕಾರಣವೋ ಅಥವಾ ಎರಡೂ ಬೇರೊಂದು ಕಾರಣದ ಫಲವೋ ಎಂದು ಕೇಳಲು ಬಾರದವರು ಸಂಶೋಧನಾ ಪ್ರಬಂಧವನ್ನು ಓದಬಲ್ಲರೇ ಹೊರತು ಅದನ್ನು ತೂಗಿ ನೋಡಲಾರರು. ಸರಾಸರಿ, ವಿಚಲನೆ, ಸಂಭವನೀಯತೆ, ಸಹಸಂಬಂಧ, ಹಿಂಚಲನ (ರಿಗ್ರೆಷನ್) ಎಂಬಷ್ಟರಿಂದ ಆರಂಭಿಸಿ, ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನು ಕಲಿತರೆ ಪದವಿ ಮುಗಿಯುವ ಹೊತ್ತಿಗೆ ಗಟ್ಟಿಯಾದ ನೆಲೆ ಸಿಗುತ್ತದೆ. ಎರಡೂ ಉಚಿತವಾಗಿ ದೊರೆಯುತ್ತವೆ. ದಿನಕ್ಕೆ ಸ್ವಲ್ಪವೇ ಆದರೂ ಸ್ವಂತ ಕೈಯಿಂದ ಬರೆದು ಕಲಿಯಬೇಕು, ವೀಡಿಯೊ ನೋಡಿದರೆ ಬರುವ ವಿದ್ಯೆ ಇದಲ್ಲ.

ವಿಜ್ಞಾನ ಮತ್ತು ಎಂಜಿನಿಯರಿಂಗ್ ಕಡೆಯಿಂದ ಬರುವವರ ಕೊರತೆ ಬೇರೆ ಬಗೆಯದು. ಅವರಿಗೆ ಲೆಕ್ಕ ಬರುತ್ತದೆ. ಆದರೆ ಮನುಷ್ಯರ ಮೇಲೆ ಪ್ರಯೋಗ ರೂಪಿಸುವುದು, ಪ್ರಶ್ನೆಯನ್ನು ಸ್ಪಷ್ಟಪಡಿಸುವುದು ಮತ್ತು ಎರಡು ಪುಟಗಳ ವಾದವನ್ನು ತರ್ಕ ತಪ್ಪದಂತೆ ಬರೆಯುವುದು ರೂಢಿಯಾಗಿರುವುದಿಲ್ಲ. ಅವರು ಮನೋವಿಜ್ಞಾನದ ಪರಿಚಯ ಗ್ರಂಥವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಮೂರನೇ ಹೆಜ್ಜೆ: ಒಂದು ಸಣ್ಣ ಪ್ರಯೋಗ, ಒಂದು ಪ್ರಯೋಗಾಲಯ

ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪದವಿ ವಿದ್ಯಾರ್ಥಿಯೂ ಮಾಡಬಹುದು. 'ಕೆಂಪು' ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದು, ಪದವನ್ನು ಓದದೆ ಬಣ್ಣವನ್ನಷ್ಟೇ ಹೇಳಿರೆಂದರೆ ಉತ್ತರ ನಿಧಾನವಾಗುತ್ತದೆ, ಏಕೆಂದರೆ ಓದು ನಮ್ಮ ಅಪ್ಪಣೆಗೆ ಕಾಯದೆ ನಡೆದುಬಿಡುತ್ತದೆ. ಇದನ್ನೇ ಕನ್ನಡ ಮತ್ತು ಇಂಗ್ಲಿಷ್ ಪದಗಳೆರಡರಲ್ಲೂ ಮಾಡಿ, ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲಿ ಮತ್ತು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಲ್ಲಿ ವಿಳಂಬ ಹೇಗೆ ಬದಲಾಗುತ್ತದೆ ಎಂದು ನೋಡಬಹುದು. ಉಚಿತ ತಂತ್ರಾಂಶವಾದ ಸೈಕೋಪೈ ಇದಕ್ಕೆ ಸಾಕು. ಭಾಗವಹಿಸುವವರ ಒಪ್ಪಿಗೆ ಪಡೆಯುವುದು, ಹೆಸರುಗಳನ್ನು ಗೋಪ್ಯವಾಗಿಡುವುದು ಮತ್ತು ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಕೆಲಸ ಮಾಡುವುದು ಕಡ್ಡಾಯ.

ಇಂಥ ಪ್ರಯೋಗದ ವರದಿಯೊಂದು ಕೈಯಲ್ಲಿದ್ದರೆ ಪ್ರಯೋಗಾಲಯಗಳ ಬಾಗಿಲು ತಟ್ಟುವುದು ಸುಲಭ. ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಅರ್ಜಿ ಹಾಕಬಹುದು. ನೇರವಾಗಿ ಪ್ರಾಧ್ಯಾಪಕರಿಗೂ ಬರೆಯಬಹುದು. ಅವರ ಇತ್ತೀಚಿನ ಪ್ರಬಂಧವೊಂದನ್ನು ಓದಿ, ಅದರಲ್ಲಿ ತನಗೆ ಹುಟ್ಟಿದ ಪ್ರಶ್ನೆಯನ್ನು ನಾಲ್ಕು ಸಾಲುಗಳಲ್ಲಿ ಬರೆದ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ, ಎಲ್ಲರಿಗೂ ಒಂದೇ ರೀತಿ ಕಳುಹಿಸಿದ ಮನವಿಗಿಂತ ಬಹಳ ಹೆಚ್ಚು.

ನಾಲ್ಕನೇ ಹೆಜ್ಜೆ: ಸ್ನಾತಕೋತ್ತರ ಪ್ರವೇಶ

ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ವರ್ತನಾ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ ಈ ಕ್ಷೇತ್ರದಲ್ಲಿ ದೇಶದ ಹಿರಿಯ ಕೇಂದ್ರಗಳಲ್ಲೊಂದು. ಗಾಂಧಿನಗರ ಮತ್ತು ದೆಹಲಿಯ ಐಐಟಿಗಳಲ್ಲಿ ಎಂಎಸ್ಸಿ ಇದೆ. ಕಾನ್ಪುರ ಐಐಟಿಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನರ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರವಿದೆ. ಗಣಕ ಭಾಷಾವಿಜ್ಞಾನವನ್ನು ಪಿಯುಸಿ ಆದಕೂಡಲೇ ಹಿಡಿಯಬೇಕೆನ್ನುವವರು ಹೈದರಾಬಾದ್‌ನ ಐಐಐಟಿಯ ಜೋಡಿ ಪದವಿಯನ್ನು ಗಮನಿಸಬಹುದು.

ಈ ಸಂಸ್ಥೆಗಳ ಪ್ರವೇಶ ವಿಧಾನ ಒಂದೇ ಅಲ್ಲ. ಕೆಲವು ಸಂಸ್ಥೆಗಳು ಕಾಗ್‌ಜೆಟ್ ಎಂಬ ಜಂಟಿ ಪ್ರವೇಶ ಪರೀಕ್ಷೆಯ ಅಂಕಗಳನ್ನು, ಕೆಲವು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕಗಳನ್ನು, ಇನ್ನು ಕೆಲವು ತಮ್ಮದೇ ಪರೀಕ್ಷೆಯನ್ನು ಬಳಸುತ್ತ ಬಂದಿವೆ. ಗೇಟ್‌ನಲ್ಲಿ 2021ರಿಂದ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಪತ್ರಿಕೆ ಸೇರಿರುವುದರಿಂದ ಮನೋವಿಜ್ಞಾನ, ಭಾಷಾವಿಜ್ಞಾನ, ತತ್ವಶಾಸ್ತ್ರ ಓದಿದವರೂ ಬರೆಯಬಹುದು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನಂಬಬೇಕು. ಸಂದರ್ಶನವಿರುವ ಕಡೆ 'ನನಗೆ ಮನಸ್ಸಿನ ಬಗ್ಗೆ ಆಸಕ್ತಿ' ಎಂಬ ಮಾತು ಸಾಲದು. ನೆನಪು, ಗಮನ, ಭಾಷೆ, ನಿರ್ಧಾರ ಇವುಗಳಲ್ಲಿ ಯಾವುದರ ಬಗ್ಗೆ, ಯಾವ ಪ್ರಶ್ನೆ ಎಂಬುದನ್ನು ಹೇಳಲು ಬರಬೇಕು.

ಐದನೇ ಹೆಜ್ಜೆ: ಉದ್ಯೋಗವನ್ನು ಮೊದಲೇ ಮನಸ್ಸಿನಲ್ಲಿಟ್ಟು ಓದುವುದು

'ಅರಿವಿನ ವಿಜ್ಞಾನಿ ಬೇಕಾಗಿದ್ದಾರೆ' ಎಂಬ ಜಾಹೀರಾತು ಅಪರೂಪ. ಈ ಓದು ಬೇರೆ ಬೇರೆ ಹುದ್ದೆಗಳ ಹೆಸರಿನಲ್ಲಿ ಉದ್ಯೋಗವಾಗುತ್ತದೆ. ಆದ್ದರಿಂದ ಸ್ನಾತಕೋತ್ತರದ ಮೊದಲ ವರ್ಷದಲ್ಲೇ ದಾರಿಯನ್ನು ಆರಿಸಿಕೊಳ್ಳುವುದು ಜಾಣತನ.

ಬೆಂಗಳೂರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಳಕೆದಾರರ ಸಂಶೋಧನೆ, ಅಂದರೆ ಯುಎಕ್ಸ್ ರಿಸರ್ಚ್. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರಿವಿನ ವಿಜ್ಞಾನ ವಿಭಾಗವನ್ನು ಕಟ್ಟಿದ ಡೊನಾಲ್ಡ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿ ಈ ವೃತ್ತಿಗೆ ಹೆಸರು ತಂದುಕೊಟ್ಟರು. ಹಣ ಕಳುಹಿಸುವ ಆ್ಯಪ್‌ನಲ್ಲಿ ಹಿರಿಯರೊಬ್ಬರು ಯಾವ ಹಂತದಲ್ಲಿ ಹೆದರಿ ಕೈಬಿಡುತ್ತಾರೆ, ಏಕೆ ಬಿಡುತ್ತಾರೆ ಎಂಬುದನ್ನು ಅವರ ಜೊತೆ ಕೂತು ಅವರ ಭಾಷೆಯಲ್ಲೇ ತಿಳಿಯುವ ಕೆಲಸ ಇದು. ಸಂದರ್ಶನ ನಡೆಸುವ ಕಲೆ ಮತ್ತು ಅಂಕಿಅಂಶ ಎರಡೂ ಬೇಕು.

ಭಾಷಾ ತಂತ್ರಜ್ಞಾನ ಎರಡನೆಯದು. 2022ರಲ್ಲಿ ಚಾಲನೆ ಪಡೆದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಮದ್ರಾಸ್ ಐಐಟಿಯ ಎಐ4ಭಾರತ್ ಮತ್ತು ಹಲವು ಖಾಸಗಿ ಕಂಪನಿಗಳು ಭಾರತೀಯ ಭಾಷೆಗಳ ಮಾತು ಮತ್ತು ಪಠ್ಯದ ಮೇಲೆ ಕೆಲಸ ಮಾಡುತ್ತಿವೆ. ಕಲಬುರಗಿಯ ಮಾತು ಮತ್ತು ಮಂಗಳೂರಿನ ಮಾತು ಎಲ್ಲಿ ಬೇರೆಯಾಗುತ್ತವೆ ಎಂದು ಬಲ್ಲ, ಪ್ರೋಗ್ರಾಮಿಂಗ್ ತಿಳಿದ ಕನ್ನಡಿಗರು ಇಲ್ಲಿ ಅವಶ್ಯವಾಗಿ ಬೇಕು. ಮೂರನೆಯದು ಮಾನವ ಅಂಶಗಳ (ಹ್ಯೂಮನ್ ಫ್ಯಾಕ್ಟರ್ಸ್) ಕ್ಷೇತ್ರ. ವಿಮಾನ ಚಾಲಕರ ಗಮನ ಮತ್ತು ಆಯಾಸದಂಥ ವಿಷಯಗಳ ಅಧ್ಯಯನ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ಸೇನಾ ಮನೋವಿಜ್ಞಾನದ ಸಂಶೋಧನೆ ರಕ್ಷಣಾ ಸಂಶೋಧನಾ ಸಂಘಟನೆಯಾದ ಡಿಆರ್‌ಡಿಒದ ದೆಹಲಿಯ ಸಂಸ್ಥೆಯಲ್ಲಿ ನಡೆಯುತ್ತದೆ.

ಸಂಶೋಧನೆಯನ್ನೇ ಬದುಕಾಗಿಸಿಕೊಳ್ಳುವವರಿಗೆ ಪಿಎಚ್.ಡಿ. ಅನಿವಾರ್ಯ, ತಾಳ್ಮೆಯೂ ಅಷ್ಟೇ ಅನಿವಾರ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ ಮತ್ತು ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಸ್ಥರ ಅರಿವಿನ ಸಾಮರ್ಥ್ಯ ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನಲ್ಲಿ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆವಿನ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದೆ ಎಂದು 2013ರಲ್ಲಿ ವರದಿ ಮಾಡಿದ್ದರು. ಹಲವು ಭಾಷೆಗಳ ನಡುವೆ ಬದುಕುವ ನಮ್ಮ ಸಮಾಜ ಈ ವಿಜ್ಞಾನಕ್ಕೆ ಎಂಥ ಪ್ರಶ್ನೆಗಳನ್ನು ಕೊಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಚಿಕಿತ್ಸೆಯ ಆಸೆಯಿಂದ ಬರುವವರು ಒಂದು ಸಂಗತಿಯನ್ನು ಪ್ರವೇಶಕ್ಕೆ ಮುಂಚೆಯೇ ತಿಳಿದಿರಬೇಕು. ಅರಿವಿನ ವಿಜ್ಞಾನದ ಎಂಎಸ್ಸಿ ಯಾರನ್ನೂ ಮನೋಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಚಿಕಿತ್ಸೆ ನೀಡುವ ಇಚ್ಛೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಪದವಿಗೆ ಪಿಯುಸಿ ವಿಜ್ಞಾನದ ನಂತರವೇ ಪ್ರಯತ್ನಿಸುವುದು ಉತ್ತಮ.