ಬೇಸ್‌ಮೆಂಟಿನಲ್ಲಿ ಬದನೆ ಒಟ್ಲು: ನನ್ನ ಅನುಭವ

ಹೋದ ಆಗಸ್ಟಿನಲ್ಲಿ ನಮ್ಮ ಹಿತ್ತಲಿನ ಉದ್ದ ಹಸಿರು ಬದನೆಕಾಯಿಯಲ್ಲೇ ವಾಂಗಿಬಾತ್ ಮಾಡಿ ಹದಿನೈದು ಜನಕ್ಕೆ ಬಡಿಸಿದೆವು. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಬೇಸ್‌ಮೆಂಟಿನಲ್ಲಿ ದೀಪ ಹಾಕಿ ಒಟ್ಲು, ಅಂದರೆ ಬೀಜದಿಂದ ಸಸಿ, ನಾನೇ ಮಾಡಿಕೊಳ್ಳುತ್ತೇನೆ. "ನರ್ಸರಿಯಲ್ಲಿ ನಾಲ್ಕು ಡಾಲರಿಗೆ ಸಸಿ ಸಿಗುತ್ತೆ, ಸುಮ್ನೆ ಯಾಕ್ರೀ ಕರೆಂಟು ದಂಡ?" ಎಂದಿದ್ದವರೂ ಅವತ್ತು ಎರಡು ಸಲ ಬಡಿಸಿಕೊಂಡರು. ನರ್ಸರಿಯಲ್ಲಿ ಸಿಗುವುದು ಆ ದಪ್ಪ ಕಪ್ಪು ಬದನೆ. ಅದರಲ್ಲಿ ವಾಂಗಿಬಾತ್ ಆಗುತ್ತಾ?

ಇಲ್ಲಿ ಮೇ ಮಧ್ಯದವರೆಗೂ ಹಿಮ ಬೀಳುವ ಭಯ. ಅಕ್ಟೋಬರ್ ಹೊತ್ತಿಗೆ ಮತ್ತೆ ಶುರು. ನೇರ ಮಣ್ಣಿಗೆ ಬೀಜ ಹಾಕಿದರೆ ಬದನೆ ಹೂ ಬಿಡುವಷ್ಟರಲ್ಲಿ ಬೇಸಿಗೆಯೇ ಮುಗಿದಿರುತ್ತದೆ. ಹಾಗಾಗಿ ಒಟ್ಲು ಮನೆಯೊಳಗೇ ಹಾಕಬೇಕು.

ಮೊದಲ ವರ್ಷ ಟ್ರೇಗಳನ್ನು ದಕ್ಷಿಣದ ಕಿಟಕಿಯಲ್ಲಿಟ್ಟೆ. ಸಸಿಗಳು ದಾರದ ಹಾಗೆ ಉದ್ದವಾಗಿ ಬೆಳೆದು ಮಲಗಿಬಿಟ್ಟವು. ಎರಡನೇ ವರ್ಷ ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ದೀಪಕ್ಕೆ (ಗ್ರೋ ಲೈಟ್) ಸುಮಾರು 80 ಡಾಲರ್ ಸುರಿದೆ. ಅದರ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣವೇ ಕಾಣಿಸುವುದಿಲ್ಲ. ಹಳದಿ ತಿರುಗಿದ್ದು ಗೊತ್ತಾದಾಗ ತಡವಾಗಿತ್ತು. ಆ ವರ್ಷವೇ ಬುಡ ಕೊಳೆಯುವ ರೋಗವೂ ಬಂತು. ರಾತ್ರಿ ಚೆನ್ನಾಗಿದ್ದ ನಲವತ್ತು ಸಸಿ ಬೆಳಿಗ್ಗೆ ಬುಡ ಸಣ್ಣಗಾಗಿ ಬಿದ್ದಿದ್ದವು. ನೋಡಿ ಹೊಟ್ಟೆ ಉರಿಯಿತು.

ಈಗಿನದು ಬಹಳ ಸರಳ. ಗರಾಜಿಗೆ ಹಾಕುವ ನಾಲ್ಕಡಿಯ ಬಿಳಿ ಎಲ್‌ಇಡಿ ದೀಪ ಎರಡು, ಒಂದಕ್ಕೆ 25 ಡಾಲರ್ ಇರಬೇಕು. ಸರಪಳಿಯಲ್ಲಿ ನೇತುಹಾಕಿ, ಸಸಿಯ ತಲೆಯಿಂದ ಮೂರು ಇಂಚು ಮೇಲೆ, ದಿನಕ್ಕೆ 16 ಗಂಟೆ. ಎರಡೂವರೆ ತಿಂಗಳಿಗೆ ಕರೆಂಟು ಖರ್ಚು ಹದಿನೈದು ಡಾಲರ್ ಆಸುಪಾಸು. ಲೆಕ್ಕ ಹಾಕಿದ ಮೇಲೆ "ದಂಡ" ಎಂದವರು ಸುಮ್ಮನಾದರು.

ಆದರೆ ಆಟ ಗೆದ್ದಿದ್ದು ದೀಪದಿಂದಲ್ಲ, ಕೆಳಗಿನ ಬಿಸಿಯಿಂದ. ನಮ್ಮ ಬೇಸ್‌ಮೆಂಟಿನಲ್ಲಿ ಮಾರ್ಚಿನಲ್ಲಿ 15-16 ಡಿಗ್ರಿ. ಆ ಚಳಿಯಲ್ಲಿ ಮೆಣಸಿನ ಬೀಜ ಮೂರು ವಾರವಾದರೂ ಅಲ್ಲಾಡಲಿಲ್ಲ. ಟ್ರೇ ಕೆಳಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಿ ಮಣ್ಣು 28ರ ಹತ್ತಿರ ಇಟ್ಟೆ. ಬದನೆ ಎಂಟು ದಿನಕ್ಕೆ, ಮೆಣಸು ಹನ್ನೆರಡಕ್ಕೆ ಎದ್ದವು. ಮೊಳೆತ ಕೂಡಲೇ ಮ್ಯಾಟ್ ತೆಗೆಯುತ್ತೇನೆ. ಆಮೇಲೆ ನೀರು ಕೆಳಗಿನಿಂದ ಮಾತ್ರ, ಜೊತೆಗೆ ಸಣ್ಣ ಫ್ಯಾನ್. ಬುಡ ಕೊಳೆತದ್ದು ಮತ್ತೆ ನೋಡಿಲ್ಲ. ಬೀಜ ನೆನೆಸುವ ನೀರಿಗೆ ಅಮ್ಮ ಹೇಳಿಕೊಟ್ಟ ಒಂದು ಪದಾರ್ಥ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೆಣಸು ಮಾರ್ಚ್ ಮೊದಲ ವಾರ, ಬದನೆ ಮಧ್ಯದಲ್ಲಿ, ಟೊಮೆಟೊ ಏಪ್ರಿಲ್‌ನಲ್ಲಿ. ಒಮ್ಮೆ ಆಸೆ ಜಾಸ್ತಿಯಾಗಿ ಜನವರಿಯಲ್ಲೇ ಹಾಕಿದ್ದೆ. ಬೇರು ಕುಂಡದೊಳಗೆ ಸುತ್ತಿಕೊಂಡು, ಹೊರಗೆ ನೆಟ್ಟ ಮೇಲೆ ಒಂದು ತಿಂಗಳು ಗಿಡ ಬೆಳೆಯಲೇ ಇಲ್ಲ. ಇನ್ನೊಮ್ಮೆ ನೇರ ಬಿಸಿಲಿಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ಎಲೆಯೆಲ್ಲ ಕಾಗದದ ಹಾಗೆ ಬೆಳ್ಳಗೆ. ಈಗ ಹತ್ತು ದಿನ ನೆರಳು, ಆಮೇಲೆ ಬೆಳಗಿನ ಬಿಸಿಲು. ರಾತ್ರಿ 10 ಡಿಗ್ರಿಗಿಂತ ಇಳಿದರೆ ಒಳಗೆ. ನೆಡುವುದು ಜೂನ್ ಮೊದಲ ವಾರ. ಆರು ಗಿಡಕ್ಕೆ ಎಪ್ಪತ್ತು ಕಾಯಿಗೆ ಕಡಿಮೆ ಬಂದಿರಲಿಕ್ಕಿಲ್ಲ.

ಅವರೆಯದು ಬೇರೆಯೇ ಕಥೆ. ಬಳ್ಳಿ ಬೇಲಿ ತುಂಬ ಹಬ್ಬಿತು, ಆದರೆ ಹೂವಿಲ್ಲ. ಹಳೆಯ ತಳಿಯ ಅವರೆಗೆ ಹೂ ಬಿಡಲು ಹಗಲು ಸಣ್ಣದಾಗಬೇಕು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲೂ ಸುಮಾರು 13 ಗಂಟೆ. ಇಲ್ಲಿ ಜೂನ್‌ನಲ್ಲಿ ಹದಿನೈದೂವರೆ. ಹಗಲು ಸಣ್ಣದಾಗಿ ಹೂ ಬರುವ ಹೊತ್ತಿಗೆ ಹಿಮ ಬಂದು ಬಳ್ಳಿ ಕರಗಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ 'ಹೆಬ್ಬಾಳ ಅವರೆ' ಎಂಬ ತಳಿಗೆ ಈ ತಾಪತ್ರಯ ಇಲ್ಲ. ಆದರೆ ಊರಿಂದ ಬೀಜವನ್ನು ಅನುಮತಿ ಇಲ್ಲದೆ ಬ್ಯಾಗಿನಲ್ಲಿ ತರುವ ಹಾಗಿಲ್ಲ. ಅದಕ್ಕೇ ಹೋದ ವರ್ಷ ಎರಡು ಬಳ್ಳಿಯನ್ನು ದೊಡ್ಡ ಕುಂಡದಲ್ಲಿ ಬೆಳೆಸಿದೆ. ಜುಲೈಯಿಂದ ಸಂಜೆ ಐದಕ್ಕೆ ಕತ್ತಲೆ ಗರಾಜಿನೊಳಗೆ, ಬೆಳಿಗ್ಗೆ ಏಳಕ್ಕೆ ಹೊರಗೆ. ದಿನಾ ಕುಂಡ ಎಳೆದೂ ಎಳೆದೂ ಸೊಂಟ ಹಿಡಿಯಿತು, ಆದರೆ ಆಗಸ್ಟ್ ಕೊನೆಗೆ ಹೂ ಬಂತು. ಸೆಪ್ಟೆಂಬರ್ ಕೊನೆಗೆ ಎರಡು ಹಿಡಿ ಕಾಳು. ಹಿತಕಿದ ಬೇಳೆ ಸಾರಿಗೆ ಸಾಲಲಿಲ್ಲ, ಉಪ್ಪಿಟ್ಟಿಗೆ ಹಾಕಿದೆವು.